ಹಾಡಿನ ಮೂಲಪ್ರತಿ: ಅಚ್ಚಿನ ಹಾಳೆ ಮರೆತ ಇಬ್ಬರು

ಕ್ರಿಸ್ತಜಯಂತಿಯ ನಡುರಾತ್ರಿಯ ಬಲಿಪೂಜೆಯಲ್ಲಿ ಹಾಡುವ, ಇಂಗ್ಲಿಷಿನಲ್ಲಿ ‘ಸೈಲೆಂಟ್ ನೈಟ್’ ಎಂದು ಪ್ರಸಿದ್ಧವಾದ ಗೀತೆಯನ್ನು ಅರಿಯದ ಕ್ರೈಸ್ತರು ವಿರಳ. ಆದರೆ ಅದು ಒಂದು ಸಣ್ಣ ಊರಿನ ಉಪಗುರು ಹಾಗೂ ಒಬ್ಬ ಶಾಲಾ ಉಪಾಧ್ಯಾಯರ ಕೃತಿಯೆಂಬ ಸಂಗತಿ ಬಹುಕಾಲ ಲೋಕಕ್ಕೆ ಮರೆಯಾಗಿತ್ತು. ಅಚ್ಚಿನ ಪ್ರತಿಗಳು ಮರೆಸಿದ ಈ ಸತ್ಯವನ್ನು ಕೈಬರಹದ ಹಾಳೆಗಳು ಉಳಿಸಿಕೊಟ್ಟವು.

ಆಸ್ಟ್ರಿಯಾ ದೇಶದ ಸಾಲ್ಜ್‌ಬರ್ಗ್ ನಗರದ ಸಮೀಪ ಓಬರ್ನ್‌ಡಾರ್ಫ್ ಎಂಬ ಊರಿದೆ. 1818ರ ಡಿಸೆಂಬರ್ 24ರಂದು ಅಲ್ಲಿನ ಸಂತ ನಿಕೊಲಾಸರ ದೇವಾಲಯದ ಉಪಗುರುಗಳಾದ ವಂದನೀಯ ಜೋಸೆಫ್ ಮೋರ್ ಅವರು ತಮ್ಮ ಕವನವೊಂದನ್ನು ಫ್ರಾನ್ಜ್ ಕ್ಸೇವರ್ ಗ್ರೂಬರ್ ಅವರ ಕೈಗಿತ್ತು, ಇಬ್ಬರು ಗಾಯಕರಿಗೂ ಗಾನವೃಂದಕ್ಕೂ ಒಪ್ಪುವಂತೆ, ಗಿಟಾರ್ ಪಕ್ಕವಾದ್ಯದೊಡನೆ, ರಾಗ ಸಂಯೋಜಿಸಲು ಕೋರಿದರು. ಗ್ರೂಬರ್ ನೆರೆಯ ಆರ್ನ್ಸ್‌ಡಾರ್ಫಿನ ಉಪಾಧ್ಯಾಯರು. ಓಬರ್ನ್‌ಡಾರ್ಫಿನಲ್ಲಿ ಆರ್ಗನ್ ನುಡಿಸುತ್ತಿದ್ದರು. ಅದೇ ರಾತ್ರಿ ಇಬ್ಬರೂ ಕೂಡಿ ಆ ಗೀತೆಯನ್ನು ಹಾಡಿದರು.

ಮುಂದೆ ಈ ಹಾಡು ಟಿರೋಲ್ ಪ್ರಾಂತದ ಗಾಯಕರ ಬಾಯಿಗೆ ಬಂದು ಜರ್ಮನಿಯನ್ನು ತಲುಪಿತು. 1833ರ ಸುಮಾರಿಗೆ ಡ್ರೆಸ್ಡೆನ್ ನಗರದಲ್ಲಿ ಅಚ್ಚಾದಾಗ ಅದು ಬರಿಯ ‘ಟಿರೋಲಿನ ಹಾಡು’ ಎನಿಸಿತು, ಕರ್ತೃಗಳ ಹೆಸರಿರಲಿಲ್ಲ. ಕೆಲವು ಸ್ವರಗಳೂ ಮಾರ್ಪಟ್ಟಿದ್ದವು. ಮೂಲದ ಆರು ಚರಣಗಳಲ್ಲಿ ಮೂರು ಮಾತ್ರ ಬಳಕೆಯಲ್ಲಿ ಉಳಿದವು. ಯೇಸು ಲೋಕದ ಸಕಲ ಜನಾಂಗಗಳನ್ನೂ ಸಹೋದರನಂತೆ ಅಪ್ಪಿಕೊಂಡನೆಂಬ ಉದಾತ್ತ ಭಾವದ ಚರಣವೇ ಕೈಬಿಟ್ಟುಹೋಯಿತು.

ರಾಗ ಮೈಕೇಲ್ ಹೈಡನ್ ಎಂಬ ಪ್ರಖ್ಯಾತ ಸಂಗೀತಜ್ಞರದೆಂದು ಅನೇಕರು ನಂಬಿದ್ದರು. ಹೈಡನ್ ತೀರಿಕೊಂಡದ್ದು 1806ರಲ್ಲಿ, ಹಾಡು ಹುಟ್ಟುವುದಕ್ಕೆ ಹನ್ನೆರಡು ವರ್ಷ ಮೊದಲು! 1854ರಲ್ಲಿ ಬರ್ಲಿನ್ನಿನ ರಾಜಾಸ್ಥಾನದ ಸಂಗೀತ ಮಂಡಲಿಯು ಮೂಲಪ್ರತಿಗಾಗಿ ಸಾಲ್ಜ್‌ಬರ್ಗಿನಲ್ಲಿ ವಿಚಾರಿಸಿತು. ಆಗ ವಂದನೀಯ ಮೋರ್ ಅವರು ದಿವಂಗತರಾಗಿ ಆರು ವರ್ಷಗಳಾಗಿದ್ದವು. ಗ್ರೂಬರ್ ಅವರು ಡಿಸೆಂಬರ್ 30ರಂದು ನಡೆದುದನ್ನು ಬರೆದು ತಿಳಿಸಿದರು. ಇಲಿಗಳು ಆರ್ಗನ್ನನ್ನು ಕಡಿದುದರಿಂದ ಗಿಟಾರ್ ಬಳಸಲಾಯಿತೆಂಬ ಜನಪ್ರಿಯ ಕಥೆಯ ಸುಳಿವೂ ಆ ಬರಹದಲ್ಲಿಲ್ಲ.

1995ರಲ್ಲಿ ವಂದನೀಯ ಮೋರ್ ಅವರ ಸ್ವಹಸ್ತಾಕ್ಷರದ ಪ್ರತಿಯೊಂದು ಬೆಳಕಿಗೆ ಬಂದಿತು. ಅದರಲ್ಲಿ ಕವನ 1816ರದೆಂದೂ ರಾಗ ಗ್ರೂಬರ್ ಅವರದೆಂದೂ ಸ್ಪಷ್ಟವಾಗಿದೆ. ಕವನವನ್ನೂ ಅದೇ ದಿನ ಬರೆಯಲಾಯಿತೆಂಬ ನಂಬಿಕೆ ಹೀಗೆ ತಿದ್ದಿಹೋಯಿತು.

ನಮ್ಮ ಹರಪನಹಳ್ಳಿಯ ಭೀಮವ್ವನವರು ತಮ್ಮ ಹಾಡುಗಳಲ್ಲಿ ‘ಭೀಮೇಶಕೃಷ್ಣ’ ಎಂಬ ಅಂಕಿತವನ್ನಿರಿಸಿದರು. ಹಾಡು ಎಲ್ಲಿಗೇ ಹೋಗಲಿ, ಹಾಡಿದವರ ಗುರುತು ಜೊತೆಗೇ ಹೋಗುತ್ತದೆ. ಓಬರ್ನ್‌ಡಾರ್ಫಿನ ಹಾಡಿಗೆ ಅಂಕಿತವಿರಲಿಲ್ಲ. ಮೂಲಪ್ರತಿಯೇ ಅದಕ್ಕೆ ಅಂಕಿತವಾಯಿತು.

ಪವಿತ್ರ ಧರ್ಮಸಭೆಯೂ ಈ ಶ್ರಮವನ್ನು ಕಡೆಗಣಿಸಿಲ್ಲ. 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ದೈವಾರಾಧನೆಯ ಕುರಿತ ತನ್ನ ಸಂವಿಧಾನದಲ್ಲಿ, ಈಗಾಗಲೇ ಅಚ್ಚಾದ ಗ್ರೆಗೋರಿಯನ್ ಗಾನದ ಗ್ರಂಥಗಳನ್ನು ಇನ್ನಷ್ಟು ಪರಿಶೋಧಿಸಿ ಹೊರತರಬೇಕೆಂದು ವಿಧಿಸಿತು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಪ್ರಿಯ ಭಕ್ತಾದಿಗಳೇ, ಹಿರಿಯರು ಕೈಯಾರೆ ಬರೆದಿಟ್ಟ ಹಾಡಿನ ಪುಸ್ತಕಗಳು ನಿಮ್ಮ ಮನೆಯ ಪೆಟ್ಟಿಗೆಗಳಲ್ಲಿದ್ದರೆ ರದ್ದಿಗೆ ಹಾಕದಿರಿ. ಅಚ್ಚಿನ ಪುಸ್ತಕದೊಡನೆ ಅವನ್ನು ಹೋಲಿಸಿ ನೋಡಿ. ಬರೆದವರ, ರಾಗ ಕೂಡಿಸಿದವರ ಹೆಸರು ಗೊತ್ತಿದ್ದರೆ ಇಂದೇ ಗುರುತು ಹಾಕಿಡಿ. ದೇವರ ಸ್ತುತಿಗೆ ದನಿಯಿತ್ತವರನ್ನು ಹೆಸರಿಟ್ಟು ನೆನೆಯುವುದೂ ಈ ಶತಮಾನೋತ್ಸವದ ಋಣಸಂದಾಯವೇ ಸರಿ.