ಜರ್ಮನಿ ಡೈರಿ – 17: ಕಬ್ಬಿಣದ ಕೈಯ ವೀರ, ನಾನು ಹೇಳದೆ ಬಿಟ್ಟ ಅರ್ಧ ಕಥೆ

ಹೋದ ವಾರ ಯಾಗ್ಸ್ಟ್‌ಹೌಸನ್ ಕೋಟೆಯ ಮ್ಯೂಸಿಯಂನಲ್ಲಿ ನೋಡಿದ ಕಬ್ಬಿಣದ ಕೈ ಬಗ್ಗೆ ಬರೆದಿದ್ದೆನಲ್ಲ, ಅದನ್ನು ಓದಿ ಅಕ್ಕನ ಮಗ ರಟ್ಟಿನಲ್ಲಿ ಅಂಥದ್ದೇ ಕೈ ಮಾಡಿಕೊಂಡು ಸ್ಕೂಲಿನಲ್ಲಿ "ನಾನೇ ಗೋಟ್ಸ್" ಅಂತ ಭಾಷಣ ಮಾಡಿ ಬಂದನಂತೆ. ವಿಡಿಯೋ ನೋಡಿ ಖುಷಿಯಾಯ್ತು, ಸ್ವಲ್ಪ ಕಸಿವಿಸಿಯೂ ಆಯ್ತು. ನಾನು ಹೇಳಿದ್ದು ಅರ್ಧ ಕಥೆ ಮಾತ್ರ. ಉಳಿದದ್ದು ಇವತ್ತು.

ಹಿಂದಿನ ಕಂತು ಓದದವರಿಗೆ: ಗೋಟ್ಸ್ ಫಾನ್ ಬರ್ಲಿಶಿಂಗೆನ್ 1480ರ ಸುಮಾರಿಗೆ ಹುಟ್ಟಿದ ನೈಟ್, ಅಂದರೆ ಕುದುರೆ ಏರಿ ಯುದ್ಧ ಮಾಡುವ ಸಣ್ಣ ಪಾಳೆಯಗಾರ ಅಂದುಕೊಳ್ಳಿ. 1504ರಲ್ಲಿ ಲಾಂಡ್ಸ್‌ಹುಟ್ ಮುತ್ತಿಗೆಯಲ್ಲಿ ಫಿರಂಗಿ ಗುಂಡು ಬಡಿದು ಬಲಗೈ ಹೋಯ್ತು. ಆ್ಯಂಟಿಬಯೋಟಿಕ್ ಇಲ್ಲ, ಅನಸ್ತೇಸಿಯಾ ಇಲ್ಲ. ಆದರೂ ಬದುಕಿದ. ಕಬ್ಬಿಣದ ಕೈ ಮಾಡಿಸಿಕೊಂಡ. ಎಡಗೈಯಿಂದ ಅದರ ಬೆರಳು ಮಡಚಿದರೆ ಒಳಗಿನ ಹಲ್ಲುಚಕ್ರ ಹಿಡಿದುಕೊಳ್ಳುತ್ತೆ, ಗುಂಡಿ ಒತ್ತಿದರೆ ಸ್ಪ್ರಿಂಗ್ ಬಿಡುತ್ತೆ. ಗಾಯ ತೊಳೆದು ಡ್ರೆಸ್ಸಿಂಗ್ ಮಾಡುವ ನನಗೆ ಅಷ್ಟೇ ಸಾಕಾಗಿತ್ತು, ಅವನನ್ನು ಹೀರೋ ಮಾಡಿಬಿಟ್ಟೆ.

ಆದರೆ ಆ ಕೈ ಇಟ್ಟುಕೊಂಡು ಅವನು ಮಾಡಿದ್ದೇನು? ಸ್ವಂತ ಜಗಳಕ್ಕೆ ಯುದ್ಧ ಹೂಡುವುದನ್ನು 1495ರಲ್ಲೇ ಇಲ್ಲಿನ ಸಾಮ್ರಾಜ್ಯ ನಿಷೇಧಿಸಿತ್ತು. ಇವನು ನಿಲ್ಲಿಸಲಿಲ್ಲ. ಯಾರದೋ ಬಾಕಿ ಹಣ, ಯಾರದೋ ಅವಮಾನ, ಒಂದು ನೆಪ ಸಿಕ್ಕರೆ ಸಾಕು, ದಾರಿಯಲ್ಲಿ ಹೋಗುವ ವ್ಯಾಪಾರಿಗಳನ್ನು ಹಿಡಿದು ದುಡ್ಡು ಕೀಳುತ್ತಿದ್ದ. 1512ರಲ್ಲಿ ಲೈಪ್‌ಜಿಗ್ ಜಾತ್ರೆಯಿಂದ ಬರುತ್ತಿದ್ದ ವ್ಯಾಪಾರಿಗಳನ್ನು ಫೋರ್ಶ್‌ಹೈಮ್ ಹತ್ತಿರ ದೋಚಿದ. ಚಕ್ರವರ್ತಿ ಮ್ಯಾಕ್ಸಿಮಿಲಿಯನ್ ಬಹಿಷ್ಕಾರ ಹಾಕಿದ. ಅದು ತೆಗೆಯಲು 14,000 ಗುಲ್ಡನ್ ದಂಡ. 1516ರಲ್ಲಿ ವಾಲ್ಡೆಕ್‌ನ ದೊರೆಯನ್ನೇ ಹಿಡಿದಿಟ್ಟು ಹಣ ವಸೂಲಿ ಮಾಡಿದ. ಮತ್ತೆ ಬಹಿಷ್ಕಾರ.

ಇದನ್ನಾದರೂ ಆ ಕಾಲದ ರೀತಿ ಅನ್ನಬಹುದು. ನನಗೆ ನಿದ್ದೆಗೆಡಿಸಿದ್ದು 1525. ಆ ವರ್ಷ ಇಲ್ಲಿನ ರೈತರು ಗೇಣಿ, ಬಿಟ್ಟಿಚಾಕರಿ ತಡೆಯಲಾರದೆ ದಂಗೆ ಎದ್ದರು. ಓಡನ್‌ವಾಲ್ಡ್ ಕಡೆಯ ರೈತರ ದಂಡಿಗೆ ಗೋಟ್ಸ್ ನಾಯಕನಾದ. ಮೇ ಕೊನೆಗೆ, ನಿರ್ಣಾಯಕ ಯುದ್ಧ ಹತ್ತಿರ ಬಂದಾಗ, ಅವರನ್ನು ಬಿಟ್ಟು ಹೊರಟುಹೋದ. ಜೂನ್ 2ರಂದು ಕೋನಿಗ್ಸ್‌ಹೋಫನ್‌ನಲ್ಲಿ ಸಾವಿರಾರು ರೈತರು ಸತ್ತರು. ಗೋಟ್ಸ್ ಆಮೇಲೆ ಕೊಟ್ಟ ವಿವರಣೆ: ನನ್ನನ್ನು ಬಲವಂತವಾಗಿ ನಾಯಕ ಮಾಡಿದ್ದರು, ಒಪ್ಪಿದ್ದು ನಾಲ್ಕು ವಾರಕ್ಕೆ, ಅವಧಿ ಮುಗಿಯಿತು.

ಅವಧಿ ಮುಗಿಯಿತು! ಓದಿ ಫೋನ್ ಕೆಳಗಿಟ್ಟೆ. ಊರಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಅಜ್ಜಿಯ ಮಗ "ಸಿಸ್ಟರ್, ಒಂದು ಸಲ ನೋಡಿ" ಅಂತ ಓಡಿ ಬಂದಾಗ, "ನನ್ನ ಡ್ಯೂಟಿ ಮುಗೀತು, ಮುಂದಿನ ಸಿಸ್ಟರ್‌ನ ಕೇಳಿ" ಅಂದು ಬಸ್ ಹಿಡಿಯಲು ಹೋಗಿದ್ದೆ. ಅಜ್ಜಿಗೆ ಏನೂ ಆಗಲಿಲ್ಲ, ಪುಣ್ಯ. ಆದರೆ ಆ ಮಾತು ನನ್ನದೇ. ಗೋಟ್ಸ್‌ನನ್ನು ಬೈಯುವಾಗ ಅದೂ ನೆನಪಿರಲಿ ಅಂತ ಬರೆದೆ.

ರೈತರ ಕಥೆ ಹಾಗೆ ಮುಗಿಯಿತು, ಅವನ ಕಥೆ ಮುಗಿಯಲಿಲ್ಲ. 1528ರಲ್ಲಿ ಹಿಡಿದು ಆಗ್ಸ್‌ಬರ್ಗ್‌ನಲ್ಲಿ ಎರಡು ವರ್ಷ ಇಟ್ಟರು. ಆಮೇಲೆ ಹೋರ್ನ್‌ಬರ್ಗ್ ಕೋಟೆಯ ಸರಹದ್ದು ದಾಟಬಾರದು, ಕುದುರೆ ಏರಬಾರದು ಅನ್ನುವ ಷರತ್ತು, ಸುಮಾರು ಹತ್ತು ವರ್ಷ. 1562ರಲ್ಲಿ ಅಲ್ಲೇ ಮುಪ್ಪಿನಲ್ಲಿ ತೀರಿಕೊಂಡ. ಮುಪ್ಪಿನಲ್ಲಿ ತಾನೇ ತನ್ನ ಕಥೆ ಬರೆಸಿದ್ದ. ಅದನ್ನು ಓದಿದ ಕವಿ ಗಯಟೆ 1773ರಲ್ಲಿ ನಾಟಕ ಮಾಡಿದ. ನಾಟಕದ ಗೋಟ್ಸ್ ಸ್ವಾತಂತ್ರ್ಯಕ್ಕಾಗಿ ಹೋರಾಡಿ ಹೈಲ್‌ಬ್ರಾನ್‌ನಲ್ಲಿ ಸೆರೆಯಾಳಾಗಿಯೇ ಪ್ರಾಣ ಬಿಡುತ್ತಾನೆ. ಈಗಲೂ ಅಲ್ಲಿ ಅವನ ಹೆಸರಿನ ಬುರುಜು ಇದೆ, ಜನ ಫೋಟೋ ತೆಗೆಸಿಕೊಳ್ಳುತ್ತಾರೆ. ಆ ನಾಟಕದ ಒಂದು ಬೈಗುಳ ಜರ್ಮನಿಯಲ್ಲಿ ಎಲ್ಲರ ಬಾಯಲ್ಲಿದೆ. ಅಮ್ಮ ಓದುತ್ತಾರೆ, ಅದಕ್ಕೆ ಇಲ್ಲಿ ಬರೆಯಲ್ಲ.

ನಮ್ಮೂರ ಕೆರೆ ಏರಿಯ ವೀರಗಲ್ಲು ನೆನಪಾಯ್ತು. ಕೆಳಗೆ ಯುದ್ಧ, ಮೇಲೆ ಅಪ್ಸರೆಯರು, ಅದರ ಮೇಲೆ ಶಿವಲಿಂಗ. ದನ ಕಾಯಲು ಹೋಗಿ ಸತ್ತವನೋ, ದನ ಹೊಡೆದುಕೊಂಡು ಬರಲು ಹೋಗಿ ಸತ್ತವನೋ ಅಂತ ನಾವು ಯಾವತ್ತೂ ಕೇಳಲಿಲ್ಲ. ಅರಿಶಿನ ಕುಂಕುಮ ಇಟ್ಟು ಬಂದೆವು.

ಪುಟ್ಟಾ, ಆ ರಟ್ಟಿನ ಕೈ ಬಿಸಾಡಬೇಡ, ಚೆನ್ನಾಗಿ ಮಾಡಿದ್ದೀಯ. ಕೈ ಕಳೆದುಕೊಂಡೂ ಎದ್ದು ನಿಂತದ್ದು ಸುಳ್ಳಲ್ಲ. ಮುಂದಿನ ಸಲ ಭಾಷಣ ಮಾಡುವಾಗ ಕೋನಿಗ್ಸ್‌ಹೋಫನ್‌ನ ರೈತರ ಬಗ್ಗೆಯೂ ಎರಡು ಮಾತು ಹೇಳು. ಚಿಕ್ಕಮ್ಮ ಹೇಳದೆ ಬಿಟ್ಟಿದ್ದಳು ಅಂತಲೂ ಹೇಳು.

ಮುಂದಿನ ವಾರ ನೈಟ್ ಡ್ಯೂಟಿ, ಕಂತು ತಡವಾಗಬಹುದು.