ಕುಮಟಗಿಯ ಜಲಮಂದಿರಗಳು

ಹೊಳೆಯ ದಂಡೆಯಲ್ಲಿ, ಕೆರೆಯ ಮಗ್ಗುಲಲ್ಲಿ ಸಕಲ ಸೌಕರ್ಯಗಳುಳ್ಳ ವಸತಿಗಳನ್ನು ಕಟ್ಟಿ, ಬಂದು ನಾಲ್ಕು ದಿನ ತಂಗುವವರಿಗೆ ನಿಸರ್ಗದ ಸಹವಾಸವನ್ನೂ ಅರಮನೆಯ ಸುಖವನ್ನೂ ಏಕಕಾಲಕ್ಕೆ ಒದಗಿಸುವ ಉದ್ಯಮವು ಈಚೆಗೆ ನಮ್ಮ ನಾಡಿನಲ್ಲಿ ಬಹಳವಾಗಿ ಬೆಳೆದಿದೆ. ಇವಕ್ಕೆ ಇಕೋ ರಿಸಾರ್ಟ್‌ಗಳೆಂದು ಹೆಸರು. ನಿಸರ್ಗಕ್ಕೆ ಹಾನಿಯಾಗದಂತೆ, ಮುಂದೆ ಬರುವವರ ಪಾಲು ಕೆಡದಂತೆ ಸುಖಪಡುವೆವೆಂಬುದು ಇವುಗಳ ಪ್ರತಿಜ್ಞೆ. ಪ್ರತಿಜ್ಞೆಯು ಹೊಸದಾಗಿರಬಹುದು, ಬಯಕೆಯು ಮಾತ್ರ ಬಹು ಪುರಾತನವಾದುದು. ಬೇಸಿಗೆಯಲ್ಲಿ ನೀರಿನ ನಡುವೆ ಮನೆ ಮಾಡಿಕೊಂಡು ತಣ್ಣಗಿರಬೇಕೆಂಬ ಆಸೆಯನ್ನು ಕಲ್ಲುಗಾರೆಗಳಲ್ಲಿ ಕಟ್ಟಿ ತೋರಿಸಿದ ಒಂದು ಸ್ಥಳವು ನಮ್ಮ ಜಿಲ್ಲೆಯಲ್ಲಿಯೇ ಇದ್ದು, ಅದನ್ನು ನೋಡಿದವರ ಸಂಖ್ಯೆಯು ಗೋಳಗುಮ್ಮಟವನ್ನು ನೋಡಿದವರ ಸಂಖ್ಯೆಯ ಶತಾಂಶವೂ ಇರಲಾರದು. ವಿಜಯಪುರದಿಂದ ಸಿಂದಗಿಯ ದಾರಿ ಹಿಡಿದು ಮೂಡಲಿಗೆ ಸುಮಾರು 20 ಕಿಲೋಮೀಟರ್ ನಡೆದರೆ ಸಿಗುವ ಕುಮಟಗಿಯೇ ಆ ಸ್ಥಳ.

ಮೊದಲು ನಮ್ಮ ಊರಿನ ನೀರಿನ ಸ್ಥಿತಿಯನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಬೇಕು. ಜಿಲ್ಲೆಯ ತೆಂಕಣ ಗಡಿಗೆ ಕೃಷ್ಣೆ, ಬಡಗಣ ಗಡಿಗೆ ಭೀಮೆ. ನಡುವೆ ಹರಿಯುವ ಡೋಣಿಯು ಜತ್ತದ ಕಡೆಯಿಂದ ಬಂದು ಸಾರವಾಡ, ತಾಳಿಕೋಟೆಗಳನ್ನು ಹಾಯ್ದು ಕೃಷ್ಣೆಯನ್ನು ಸೇರುತ್ತದೆ. ಇದರ ಎರಡೂ ದಂಡೆಯ ಎರೆಭೂಮಿಯು ಜೋಳಕ್ಕೆ ಪ್ರಸಿದ್ಧವಾದದ್ದು, ಆದರೆ ನೀರು ಸವಳು. ಪಟ್ಟಣದೊಳಗಾದರೋ ನದಿಯೇ ಇಲ್ಲ. ವರ್ಷಕ್ಕೆ ಬೀಳುವ ಮಳೆ ಆರು ನೂರು ಮಿಲಿಮೀಟರಿನ ಆಸುಪಾಸು, ಅದೂ ನಂಬತಕ್ಕದ್ದಲ್ಲ. ಚೈತ್ರ ವೈಶಾಖಗಳಲ್ಲಿ ಬಿಸಿಲು 40 ಡಿಗ್ರಿಯನ್ನು ಮೀರುತ್ತದೆ. 1876ರಿಂದ 78ರ ವರೆಗಿನ ಮಹಾಕ್ಷಾಮದಲ್ಲಿ ಮುಂಬಯಿ ಇಲಾಖೆಯೊಳಗೆ ಅತಿಯಾಗಿ ನೊಂದ ಸೀಮೆಗಳಲ್ಲಿ ಆಗ ಕಲಾದಗಿ ಜಿಲ್ಲೆಯೆನಿಸಿದ್ದ ಈ ನೆಲವೂ ಒಂದು. ಇಂಥ ಊರಿನಲ್ಲಿ ಒಂದು ಬಡಾವಣೆಗೆ ಜಲನಗರವೆಂದು ಹೆಸರಿಟ್ಟಿದ್ದಾರೆ. ಹೆಸರಿಟ್ಟವರು ಇದ್ದುದನ್ನು ಹೇಳಿದರೋ ಬೇಕಾದುದನ್ನು ಹೇಳಿದರೋ, ವಾಚಕರೇ ಊಹಿಸಲಿ. ನಮ್ಮಲ್ಲಿ ನೀರಿನ ಬಳಿ ವಾಸಿಸಬೇಕೆಂಬುವವನು ಮೊದಲು ನೀರನ್ನೇ ಒದಗಿಸಿಕೊಳ್ಳಬೇಕಾಗಿತ್ತು. ಕುಮಟಗಿಯ ವಿಶೇಷವನ್ನು ತಿಳಿಯಲು ಈ ಮಾತನ್ನು ಮರೆಯಬಾರದು.

ಆದಿಲಶಾಹಿ ಅರಸರು ಪಟ್ಟಣದ ಧೂಳು ಧಗೆಗಳಿಂದ ತಪ್ಪಿಸಿಕೊಳ್ಳಲು ಇಲ್ಲಿಗೆ ಬರುತ್ತಿದ್ದರು. ಒಂದು ದೊಡ್ಡ ಕೆರೆ, ಅದರ ಆಸರೆಯಲ್ಲಿ ಹಲವು ಮಂಟಪಗಳು. ಅವುಗಳಲ್ಲಿ ಮುಖ್ಯವಾದುದು ಒಂದು ಚೌಕವಾದ ಕೊಳದ ನಟ್ಟನಡುವೆ ನಿಂತ ಎರಡಂತಸ್ತಿನ ಚಿಕ್ಕ ಮಂದಿರ. ಅದನ್ನು ಸೇರಲು ಕಮಾನುಗಳ ಮೇಲೆ ಕಟ್ಟಿದ ಕಿರುದಾರಿ. ಸಮೀಪದಲ್ಲಿ ನೀರಿನ ಗೋಪುರ. ಗೋಪುರದ ತಲೆಗೆ ಏರಿಸಿದ ನೀರು ಗೋಡೆಗಳೊಳಗೆ ಹುದುಗಿಸಿದ ಕೊಳವೆಗಳಲ್ಲಿ ಇಳಿದು ಮಂದಿರವನ್ನು ಹೊಕ್ಕು, ಅಲ್ಲಿಂದ ಕಾರಂಜಿಯ ಬಾಯಿಗಳಲ್ಲಿ ಚಿಮ್ಮುತ್ತಿತ್ತು, ಮೇಲಣ ಛಾವಣಿಯಿಂದ ತುಂತುರಾಗಿ ಸುರಿಯುತ್ತಿತ್ತು. ಸುತ್ತಲೂ ಕೊಳ, ಮೇಲೆ ಮಳೆ, ನಡುವೆ ಕುಳಿತ ಅರಸು. ಗೋಡೆಗಳ ಮೇಲೆ ಚಿತ್ರಗಳು. ಕುದುರೆಯೇರಿ ಚೆಂಡಾಡುವವರು, ಬೇಟೆಗಾರರು, ಕುಸ್ತಿಯ ಜಟ್ಟಿಗಳು, ವಾದ್ಯ ನುಡಿಸುವವರು, ಐರೋಪ್ಯ ವೇಷದ ಪರದೇಶಿಗಳು. ಹೆನ್ರಿ ಕಸಿನ್ಸ್ ಎಂಬ ಪುರಾತತ್ತ್ವ ವಿದ್ವಾಂಸನು 1916ರಲ್ಲಿ ಪ್ರಕಟವಾದ ತನ್ನ ವಿಜಾಪುರದ ಗ್ರಂಥದಲ್ಲಿ ಈ ಸ್ಥಳವನ್ನು ಆದರದಿಂದ ವರ್ಣಿಸಿದ್ದಾನೆ.

ಇದು ಪಾರಸೀಕ ದೇಶದಿಂದ ಬಂದ ವಿಲಾಸವೆಂದು ಹಲವರು ಹೇಳುವುದುಂಟು. ಉದ್ಯಾನವನ್ನೂ ನೀರನ್ನೂ ಹೆಣೆಯುವ ಕಲೆಯಲ್ಲಿ ಪಾರಸೀಕರು ನಿಪುಣರೆಂಬುದು ನಿರ್ವಿವಾದ. ಆದರೆ ನಮ್ಮ ಶಾಸ್ತ್ರಗಳು ಈ ವಿಷಯದಲ್ಲಿ ಮೂಕವಾಗಿರಲಿಲ್ಲವೆಂಬುದನ್ನೂ ಹೇಳಬೇಕು. ಭಾಸನ ಸ್ವಪ್ನವಾಸವದತ್ತದಲ್ಲಿಯೂ ಕಾಳಿದಾಸನ ಮಾಲವಿಕಾಗ್ನಿಮಿತ್ರದಲ್ಲಿಯೂ ಸಮುದ್ರಗೃಹವೆಂಬ ತಂಪುಮನೆಯ ಪ್ರಸ್ತಾಪವಿದೆ. ಋತುಸಂಹಾರದ ಗ್ರೀಷ್ಮವರ್ಣನೆಯಲ್ಲಿ ಜಲಯಂತ್ರಮಂದಿರದ ಹೆಸರು ಬರುತ್ತದೆ. ಇವು ಕಾವ್ಯದ ಮಾತುಗಳೆಂದು ಬಿಟ್ಟರೂ, ಹನ್ನೊಂದನೆಯ ಶತಮಾನದ ಧಾರಾನಗರದ ಭೋಜರಾಜನ ಸಮರಾಂಗಣಸೂತ್ರಧಾರವು ವಾಸ್ತುಶಾಸ್ತ್ರದ ಗ್ರಂಥವಷ್ಟೆ. ಅದರ ಯಂತ್ರಾಧ್ಯಾಯದಲ್ಲಿ ಧಾರಾಗೃಹ, ಪ್ರವರ್ಷಣ, ಪ್ರಣಾಲ, ಜಲಮಗ್ನ, ನಂದ್ಯಾವರ್ತ ಎಂದು ಐದು ಬಗೆಯ ವಾರಿಗೃಹಗಳನ್ನು ಹೇಳಿದೆ. ಮೋಡದಂತೆ ಮೇಲಿಂದ ಸುರಿಸುವುದು ಪ್ರವರ್ಷಣ, ನೀರೊಳಗೆ ಮುಳುಗಿದಂತೆ ಇರುವುದು ಜಲಮಗ್ನ. ಕುಮಟಗಿಯ ಮಂದಿರವನ್ನು ಕಂಡವನಿಗೆ ಈ ಎರಡು ಹೆಸರುಗಳು ತಾವಾಗಿಯೇ ನೆನಪಾಗುತ್ತವೆ. ಇನ್ನೂ ಹತ್ತಿರಕ್ಕೆ ಬಂದರೆ, ಕಲ್ಯಾಣದ ಚಾಳುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು ಅರಸನ ವಿನೋದಗಳ ನಡುವೆ ಜಲಕ್ರೀಡೆಗೆ ಸ್ಥಾನ ಕೊಟ್ಟಿದೆ. ಆದಿಲಶಾಹಿಯ ಶಿಲ್ಪಿಗಳು ಭೋಜನನ್ನು ಓದಿದ್ದರೆಂದು ನಾನು ಸಾಧಿಸಹೊರಟಿಲ್ಲ. ಒಂದೇ ಬಿಸಿಲಿನಲ್ಲಿ ಬೆಂದವರು ಒಂದೇ ಉಪಾಯವನ್ನು ಕಂಡುಕೊಂಡರೆ ಆಶ್ಚರ್ಯವೇನು?

ಈಗ ಉಪಾಯದ ಒಳಗನ್ನು ನೋಡೋಣ. ನೀರು ತನ್ನ ಮಟ್ಟವನ್ನು ತಾನು ಹುಡುಕುತ್ತದೆ. ಹತ್ತು ಮೀಟರು ಎತ್ತರದಲ್ಲಿ ನಿಲ್ಲಿಸಿದ ನೀರು ಕೆಳಗಿನ ಕೊಳವೆಯಲ್ಲಿ ಹೆಚ್ಚುಕಡಿಮೆ ಒಂದು ವಾಯುಮಂಡಲದಷ್ಟು ಒತ್ತಡವನ್ನು ಕೊಡುತ್ತದೆ. ಕಾರಂಜಿ ಚಿಮ್ಮುವುದು ಈ ಬಲದಿಂದ. ಬೆಂಕಿಯಿಲ್ಲ, ಹೊಗೆಯಿಲ್ಲ, ವಿದ್ಯುತ್ತಿಲ್ಲ. ಇನ್ನು ತಂಪಿನ ಮಾತು. ನೀರು ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಒಂದು ಲೀಟರು ನೀರು ಆವಿಯಾಗಲು ಸುಮಾರು 580 ಕಿಲೋಕ್ಯಾಲರಿ ಬೇಕು. ಮಣ್ಣಿನ ಕೊಡದ ನೀರು ತಣ್ಣಗಿರುವ ಕಾರಣವೇ ಇದು. ಕರಾವಳಿಯ ತೇವದ ಗಾಳಿಯಲ್ಲಿ ಈ ಯುಕ್ತಿ ಅಷ್ಟಾಗಿ ನಡೆಯದು, ನಮ್ಮ ಸೀಮೆಯ ಒಣಗಾಳಿಯಲ್ಲಿ ಸೊಗಸಾಗಿ ನಡೆಯುತ್ತದೆ. ಇಂದಿನ ರಿಸಾರ್ಟ್‌ಗಳು ಹೇಳಿಕೊಳ್ಳುವ ಗುಣಗಳಲ್ಲಿ ಬಹುಪಾಲು, ಎಂದರೆ ಸ್ಥಳೀಯ ಕಲ್ಲು, ಸುಣ್ಣದ ಗಾರೆ, ದಪ್ಪ ಗೋಡೆ, ಗಾಳಿಯ ಆಟ, ನೀರಿನ ತಂಪು, ಇವೆಲ್ಲ ಇಲ್ಲಿದ್ದುವು.

ಆದರೆ ಪ್ರಶಂಸೆಯನ್ನು ಇಲ್ಲಿಗೇ ನಿಲ್ಲಿಸಿದರೆ ಇತಿಹಾಸಕ್ಕೆ ನ್ಯಾಯವಾಗದು. ಆವಿಯಿಂದ ಬಂದ ತಂಪು ಎಂದರೆ ಹೋದ ನೀರು. ತುಂತುರಿನ ಒಂದೊಂದು ಹನಿಯೂ ಅರಸನ ಮೈಯನ್ನು ತಣಿಸಿ ಗಾಳಿಗೆ ಸೇರಿತು, ಕೆರೆಗೆ ಹಿಂದಿರುಗಲಿಲ್ಲ. ಮತ್ತು ಆ ಗೋಪುರದ ತಲೆಗೆ ನೀರು ತಾನಾಗಿ ಹತ್ತಲಿಲ್ಲ. ಎತ್ತಿನ ಅಥವಾ ಆಳಿನ ತೋಳಿನ ಹೊರತಾಗಿ ನೀರೆತ್ತುವ ಬೇರೊಂದು ಬಲವು ಆ ಕಾಲದಲ್ಲಿ ನಮ್ಮಲ್ಲಿ ಇರಲಿಲ್ಲ. ಒಳಗೆ ಮಳೆಗಾಲ, ಹೊರಗೆ ನೀರೆತ್ತುವವನಿಗೆ ವೈಶಾಖ. ಚಿತ್ರಗಾರನು ಚೆಂಡಾಟದ ಕುದುರೆಯನ್ನು ಬರೆದನು, ಜಟ್ಟಿಯನ್ನು ಬರೆದನು, ಪರದೇಶಿಯನ್ನೂ ಬರೆದನು. ಆದರೆ ಇಡೀ ಮಂದಿರಕ್ಕೆ ಜೀವ ಕೊಟ್ಟವನು ನೀರೆತ್ತುವವನು ಎಂದು ಇತಿಹಾಸದ ಸಾಲೆಯಲ್ಲಿ ನಮಗೆ ಯಾರೂ ಕಲಿಸಲಿಲ್ಲ.

ಇಷ್ಟರಿಂದ ಆದಿಲಶಾಹಿಯವರು ನೀರನ್ನು ಬರಿಯ ವಿಲಾಸಕ್ಕೇ ಬಳಸಿದರೆಂದು ತಿಳಿದರೆ ಅದು ದೊಡ್ಡ ಅನ್ಯಾಯವಾದೀತು. ವಾಸ್ತವವಾಗಿ ಆ ವಂಶದ ಕೀರ್ತಿಯು ಗುಮ್ಮಟಗಳಿಗಿಂತ ನೆಲದಡಿಯಲ್ಲಿ ಹೆಚ್ಚಾಗಿದೆಯೆಂದು ನನ್ನ ಮತ. ಪಟ್ಟಣದ ಪಡುವಲಿಗೆ ತೊರವಿಯ ಕಡೆಯಿಂದ ಸುರಂಗವನ್ನು ತೋಡಿ, ನಡುನಡುವೆ ಗಾಳಿಗೂ ದುರಸ್ತಿಗೂ ಬಾವಿಗಳನ್ನು ಬಿಟ್ಟು, ಅಂತರ್ಜಲವನ್ನು ಇಳಿಜಾರಿನಲ್ಲಿ ಊರಿಗೆ ತಂದರು. ಮೊದಲನೆಯ ಅಲಿ ಆದಿಲಶಹನ ಕಾಲಕ್ಕೆ ಸೇರಿದ ಚಾಂದಬಾವಡಿ 1579ರದು. ಮಹಮ್ಮದ ಆದಿಲಶಹನು ಬಬಲೇಶ್ವರದ ಕಡೆಯ ಮಮದಾಪುರದಲ್ಲಿ 1633ರಲ್ಲಿ ಕಟ್ಟಿಸಿದ ಕೆರೆಯು ಹೊಲಗಳಿಗಾಗಿ. 1651ರಲ್ಲಿ ಪಟ್ಟಣದ ತೆಂಕಲಿಗೆ ಬೇಗಂ ತಲಾಬು. ಅದರ ವಿಸ್ತಾರ 234 ಎಕರೆ. ಅಲ್ಲಿಂದ ಗಾರೆಯೊಳಗೆ ಹುದುಗಿಸಿದ ಮಣ್ಣಿನ ಕೊಳವೆಗಳು ಊರಿಗೆ ಬಂದುವು. ದಾರಿಯಲ್ಲಿ ನೀರಿನ ಒತ್ತಡ ಮಿತಿಮೀರಿ ಕೊಳವೆ ಒಡೆಯದಂತೆಯೂ ಕೆಸರು ತಳಕ್ಕಿಳಿಯುವಂತೆಯೂ ಅಲ್ಲಲ್ಲಿ ಗಂಜ್ ಎಂಬ ಚೌಕ ಗೋಪುರಗಳನ್ನು ನಿಲ್ಲಿಸಿದರು. ಇವುಗಳಲ್ಲಿ ಕೆಲವು ಇಂದಿಗೂ ಮನೆಗಳ ನಡುವೆ ತಲೆಯೆತ್ತಿ ನಿಂತಿವೆ. ಅವುಗಳ ನೆರಳಿನಲ್ಲಿ ಗಾಡಿ ನಿಲ್ಲಿಸುವವರಿಗೆ ಅವೇನೆಂದು ಕೇಳಿದರೆ ಕೋಟೆಯ ಬುರುಜೆಂದು ಹೇಳುತ್ತಾರೆ! ಕುಮಟಗಿಯಲ್ಲಿ ಅರಸನೊಬ್ಬನಿಗಾಗಿ ನಿಂತ ಗೋಪುರವೂ ಊರಿಗಾಗಿ ನಿಂತ ಈ ಗೋಪುರಗಳೂ ಒಂದೇ ವಿದ್ಯೆಯ ಮಕ್ಕಳು.

ತಂಗುವ ಮಾತಿಗೇ ಬರೋಣ. 1620ರಲ್ಲಿ ಕಟ್ಟಿದ ತಾಜಬಾವಡಿಯ ಮುಂದಣ ಮಹಾಕಮಾನನ್ನು ಎಲ್ಲರೂ ನೋಡಿದ್ದಾರೆ. ಅದರ ಮೂಡಣ ಪಡುವಣ ಪಾರ್ಶ್ವಗಳ ಸಾಲುಕೋಣೆಗಳು ಯಾರಿಗಾಗಿ ಎಂದು ಕೇಳಿದವರು ಕಡಮೆ. ಅವು ದಾರಿಕಾರರಿಗಾಗಿ. ದೂರದಿಂದ ಬಂದ ವ್ಯಾಪಾರಿಯು, ಬೈರಾಗಿಯು, ಫಕೀರನು ನೀರಿನ ಬದಿಯಲ್ಲಿ ಗಂಟು ಇಳಿಸಿ, ಕಾಲು ತೊಳೆದು, ತಂಪಿನಲ್ಲಿ ಒರಗಿ, ಮರುದಿನ ಹೊರಟುಹೋಗುತ್ತಿದ್ದನು. ಅವನು ಮಿಂದ ಬಾವಿಯ ನೀರನ್ನೇ ಊರವರೂ ಕೊಡ ತುಂಬಿ ಒಯ್ಯುತ್ತಿದ್ದುದರಿಂದ, ಅದನ್ನು ಕೆಡಿಸಿದರೆ ಕೇಳುವವರಿದ್ದರು. ಕುಮಟಗಿಯ ಕೊಳದ ಬಳಿ ಅರಸನನ್ನು ಕೇಳುವವರು ಯಾರು? ನೀರಿನ ಬದಿಯ ವಾಸವು ನಿಸರ್ಗಕ್ಕೆ ಹಿತವೋ ಅಹಿತವೋ ಎಂಬುದನ್ನು ಗೋಡೆಯ ಸುಣ್ಣವನ್ನು ನೋಡಿ ನಿರ್ಣಯಿಸಲಾಗದು, ಅದೇ ನೀರಿಗೆ ಇನ್ನಾರು ಹಕ್ಕುದಾರರೆಂಬುದನ್ನು ನೋಡಬೇಕು.

ಇದಕ್ಕೆ ವಿರುದ್ಧವಾದ ಉದಾಹರಣೆ ನವರಸಪುರ. ಎರಡನೆಯ ಇಬ್ರಾಹಿಮನು ಸಂಗೀತಪ್ರಿಯನು, ಸರಸ್ವತಿಯನ್ನೂ ಗಣಪತಿಯನ್ನೂ ನೆನೆದು ದಖನಿಯಲ್ಲಿ ಕಿತಾಬೆ ನವರಸವನ್ನು ರಚಿಸಿದವನು. 1599ರಲ್ಲಿ ಅವನು ತೊರವಿಯ ಬಳಿ ರಸಗಳ ಹೆಸರಿನಿಂದಲೇ ಒಂದು ನಗರವನ್ನು ಕಟ್ಟತೊಡಗಿದನು. ಕುಮಾರವಾಲ್ಮೀಕಿಯ ರಾಮಾಯಣದಿಂದ ಕನ್ನಡಿಗರೆಲ್ಲರಿಗೂ ಪರಿಚಿತವಾದ ಊರು ಇದು. ಸಂಗೀತಮಹಲು ಎದ್ದಿತು. 1624ರಲ್ಲಿ ಮಲಿಕಂಬರನ ಸೈನ್ಯವು ಬಂದು ನಗರವನ್ನು ಸೂರೆಗೊಂಡು ಹಾಳುಮಾಡಿತು. ವಿಲಾಸದ ನಗರ ಕಾಲು ಶತಮಾನದಲ್ಲಿ ಮುಗಿಯಿತು, ಅದೇ ತೊರವಿಯಿಂದ ಹೊರಟ ಸುರಂಗದ ನೀರು ಮಾತ್ರ ಊರಿಗೆ ಬರುತ್ತಲೇ ಇತ್ತು. 1686ರಲ್ಲಿ ಸಿಕಂದರನು ಔರಂಗಜೇಬನಿಗೆ ಶರಣಾದ ಮೇಲೆ ಅರಸೂ ಇಲ್ಲ, ವಿಹಾರವೂ ಇಲ್ಲ, ಕುಮಟಗಿಯ ಕಾರಂಜಿಗಳ ಬಾಯಿ ಒಣಗಿತು.

ಆಮೇಲಿನವರು ಬೇರೊಂದು ಬಗೆಯಲ್ಲಿ ತಂಗಿದರು. 1885ರಲ್ಲಿ ಜಿಲ್ಲೆಯ ಕಚೇರಿಗಳು ಕಲಾದಗಿಯಿಂದ ಇಲ್ಲಿಗೆ ಬಂದಾಗ ಆಂಗ್ಲ ಅಧಿಕಾರಿಗಳು ಹಳೆಯ ಮಹಲುಗಳನ್ನೇ ಸರಿಪಡಿಸಿಕೊಂಡು ಹೊಕ್ಕರು. ಗೋಳಗುಮ್ಮಟದ ಮಗ್ಗುಲ ಮಸೀದಿಯೇ ಪ್ರವಾಸಿಗಳ ಬಂಗಲೆಯಾಗಿದ್ದ ಕಾಲವೂ ಉಂಟು. ಇರಲಿ.

ನಮ್ಮ ನಾಡಿನಲ್ಲಿ ಹೊಳೆದಂಡೆಯ ವಿಹಾರವಸತಿಯು ಇಂದಿನ ರೂಪದಲ್ಲಿ ಬೆಳೆದದ್ದು ನಮ್ಮ ಸೀಮೆಯಲ್ಲಿ ಅಲ್ಲ, ಮೈಸೂರು ಸೀಮೆಯ ಕಪಿಲೆಯ ದಂಡೆಯಲ್ಲಿ. ರಾಜ್ಯ ಸರಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯು 1980ರಲ್ಲಿ ಹುಟ್ಟಿ, ಕಾರಾಪುರದಲ್ಲಿ ಮೈಸೂರಿನ ಮಹಾರಾಜರ ಬೇಟೆಯ ಬಂಗಲೆಯನ್ನೇ ಅತಿಥಿಗೃಹವಾಗಿ ಮಾಡಿತು. ಬೇಟೆಯ ಮನೆಯು ಪ್ರಾಣಿಗಳನ್ನು ಕೊಲ್ಲದೆ ನೋಡುವ ಮನೆಯಾದುದು ಸಂತೋಷದ ಸಂಗತಿ. ಆದರೆ ಅಲ್ಲಿ ಅತಿಥಿಯು ಹೊಳೆಯೆಂದು ನೋಡುವ ಆ ವಿಶಾಲ ಜಲರಾಶಿಯು 1974ರಲ್ಲಿ ಮುಗಿದ ಅಣೆಕಟ್ಟಿನ ಹಿನ್ನೀರು. ಅದರಡಿಯಲ್ಲಿ ಕಾಡಿದೆ, ಊರುಗಳಿವೆ. ಆನೆಗಳು ಬೇಸಿಗೆಯಲ್ಲಿ ಅಲ್ಲಿ ಗುಂಪುಗೂಡುವುದು ನೀರಿಳಿದ ನೆಲದ ಹಸಿರು ಹುಲ್ಲಿಗಾಗಿ. ನಮ್ಮ ಕೃಷ್ಣೆಯ ಮೇಲೆಯೂ ಹೀಗೆಯೇ. 1964ರಲ್ಲಿ ಲಾಲಬಹಾದೂರ ಶಾಸ್ತ್ರಿಯವರು ಶಂಕುಸ್ಥಾಪನೆ ಮಾಡಿದ ಆಲಮಟ್ಟಿಯ ಅಣೆಯು 2006ರಲ್ಲಿ ಲೋಕಾರ್ಪಣವಾಯಿತು. ಕೆಳಗೆ ಉದ್ಯಾನ, ಸಂಗೀತಕ್ಕೆ ಕುಣಿಯುವ ಕಾರಂಜಿ. ರವಿವಾರದ ಸಂಜೆ ಅಲ್ಲಿ ಸೇರುವ ಜನರನ್ನು ಕಂಡರೆ, ಅರಸನೊಬ್ಬನು ನೋಡುತ್ತಿದ್ದುದನ್ನು ಈಗ ಎಲ್ಲರೂ ನೋಡುವಂತಾಯಿತಲ್ಲಾ ಎಂದು ಹಿಗ್ಗಾಗುತ್ತದೆ. ಹಿನ್ನೀರಿನ ಆಚೆ ಹಳೆಯ ಬಾಗಲಕೋಟೆಯ ಮುಳುಗಿದ ಓಣಿಗಳಿವೆಯೆಂಬುದನ್ನು ಬಲ್ಲವರ ಹಿಗ್ಗು ಸ್ವಲ್ಪ ಕುಗ್ಗುತ್ತದೆ.

ಅದೇ ಕೃಷ್ಣೆಯ ನೀರನ್ನು ಈಚಿನ ವರ್ಷಗಳಲ್ಲಿ ಏತ ನೀರಾವರಿಯ ಯಂತ್ರಗಳು ಮೇಲೆತ್ತಿ, ಬಬಲೇಶ್ವರ ತಿಕೋಟಾಗಳ ಕಡೆಗೂ ಜಿಲ್ಲೆಯ ಒಣಗಿದ ಕೆರೆಗಳಿಗೂ ಹಾಯಿಸುತ್ತಿವೆ. ಎತ್ತುಗಳ ಕೆಲಸವನ್ನು ವಿದ್ಯುತ್ತು ಮಾಡುತ್ತಿದೆ. ಮಮದಾಪುರದ ಕೆರೆಯು ತುಂಬಿ ಅಲೆಯಾಡುವುದನ್ನು ಕಂಡ ಮುದುಕರ ಕಣ್ಣಿನಲ್ಲಿ ನೀರಾಡಿದರೆ ತಪ್ಪೇನು? ತುಂಬಿದ ಕೆರೆಯ ದಂಡೆಗೆ ವಿಹಾರಗೃಹಗಳೂ ಬರದಿರವು. ಬರಲಿ, ಬೇಡವೆನ್ನುವವನು ನಾನಲ್ಲ. ಹೊರಗಿನಿಂದ ಬಂದ ಅತಿಥಿಯ ಸ್ನಾನಗೃಹಕ್ಕೆ ಹೋಗುವ ಕೊಳವೆಯೂ ಹಿಂದಣ ಹಳ್ಳಿಯ ಕೊಳವೆಯೂ ಒಂದೇ ಅಳತೆಯದಾಗಿರಲಿ ಎಂದಷ್ಟೇ ಪ್ರಾರ್ಥನೆ.

ಕುಮಟಗಿಯ ಮಂದಿರಗಳು ಈಗ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿವೆ. ಚಿತ್ರಗಳು ಬಹಳವಾಗಿ ಮಾಸಿವೆ. ಬಂದವರು ಮೊಳೆಯಿಂದ ತಮ್ಮ ಹೆಸರುಗಳನ್ನು ಅವುಗಳ ಮೇಲೆ ಕೆತ್ತಿ ಹೋಗಿದ್ದಾರೆ. ನೋಡಬೇಕೆಂಬುವವರು ಮುಂಜಾನೆಯ ಎಳೆಬಿಸಿಲಿನಲ್ಲಿ ಹೋಗಬೇಕು. ಆಗ ಓರೆಯಾಗಿ ಬೀಳುವ ಬೆಳಕಿನಲ್ಲಿ ಚೆಂಡಾಟದ ಕುದುರೆಗಳ ರೇಖೆಗಳು ಅಷ್ಟಿಷ್ಟು ಗುರುತಾಗುತ್ತವೆ. ಅಲ್ಲಿಂದ ಹೊರಬಿದ್ದು ಗೋಪುರದ ಬುಡಕ್ಕೆ ಬಂದು ಮೇಲೆ ನೋಡಿ, ಒಂದು ಕೊಡ ನೀರನ್ನು ಅಷ್ಟೆತ್ತರಕ್ಕೆ ಹೊರುವುದನ್ನು ಊಹಿಸಿಕೊಳ್ಳಿರಿ. ಕುಡಿಯುವ ನೀರನ್ನು ಮಾತ್ರ ಮನೆಯಿಂದಲೇ ಒಯ್ಯಿರಿ.