ಅಂಗಮೊಗ್ಗಿನ ಹಿಂದಂಚು: ಒಂದು ಜೀನ್ ಸಂಕೇತದ ಶೋಧದ ಚರಿತ್ರೆ

ಭ್ರೂಣದಲ್ಲಿ ಕೈಕಾಲು ಹೇಗೆ ರೂಪುಗೊಳ್ಳುತ್ತದೆ ಎಂಬ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಹೆಚ್ಚಿನವರು ಕೋಳಿಮೊಟ್ಟೆಯ ಮೊರೆಹೊಕ್ಕರು. ಚಿಪ್ಪಿನಲ್ಲಿ ಕಿಂಡಿ ತೆರೆದರೆ ಭ್ರೂಣ ಕಣ್ಣೆದುರೇ ಇರುತ್ತದೆ. ರೆಕ್ಕೆಯ ಮೊಗ್ಗನ್ನು ಕತ್ತರಿಸಿದರೂ ಮರಿ ಸಾಯುವುದಿಲ್ಲ. ಏನು ಬದಲಾಯಿತು ಎಂಬುದು ಕೆಲವೇ ದಿನಗಳಲ್ಲಿ ಮೂಳೆಗಳ ಜೋಡಣೆಯಲ್ಲಿ ತಿಳಿದುಬಿಡುತ್ತದೆ. ಜೀನ್‌ಗಳ ಗುರುತು ಸಿಗುವುದಕ್ಕೆ ದಶಕಗಳ ಮೊದಲೇ, ಬರೀ ಸೂಜಿ ಮತ್ತು ಸೂಕ್ಷ್ಮದರ್ಶಕ ಹಿಡಿದವರು ಆ ಜೀನ್‌ಗಳು ಕೆಲಸ ಮಾಡುವ ಜಾಗಗಳ ನಕ್ಷೆ ಬರೆದಿಟ್ಟಿದ್ದರು. ಆ ನಕ್ಷೆಯಿಂದ ಜೀನಿಗೆ, ಜೀನಿನಿಂದ ಅದನ್ನು ಚಾಲೂ ಮಾಡುವ ಡಿಎನ್‌ಎ ತುಣುಕಿಗೆ ಸಂಶೋಧನೆ ಸಾಗಿದ ಬಗೆಯನ್ನು ಇಲ್ಲಿ ಪರಿಶೀಲಿಸಿದ್ದೇನೆ.

ಕಶೇರುಕಗಳ ಅಂಗಮೊಗ್ಗು ಮೊದಲಿಗೆ ಒಂದು ಪುಟ್ಟ ಉಬ್ಬು ಮಾತ್ರ. ಒಳಗೆ ಒಂದೇ ತರಹ ಕಾಣುವ ಮಧ್ಯಪದರದ ಕೋಶಗಳು, ಮೇಲೆ ತೆಳು ಹೊರಪದರ. ಮೊಗ್ಗಿನ ತುದಿಯಲ್ಲಿ ಹೊರಪದರ ದಪ್ಪಗಟ್ಟಿ ಹೊಲದ ಬದುವಿನಂತೆ ಏಣು ಕಟ್ಟಿಕೊಳ್ಳುತ್ತದೆ. ಅಮೆರಿಕದ ಜಾನ್ ಸಾಂಡರ್ಸ್ 1948ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಈ ಏಣನ್ನು ಕಿತ್ತುಹಾಕಿದರು. ಬೇಗ ಕಿತ್ತರೆ ಭುಜದ ಮೂಳೆಯಷ್ಟೇ ಬೆಳೆದು ಉಳಿದ ಭಾಗ ಇಲ್ಲವಾಗುತ್ತಿತ್ತು. ತಡವಾಗಿ ಕಿತ್ತರೆ ಬೆರಳುಗಳಷ್ಟೇ ಕಾಣೆಯಾಗುತ್ತಿದ್ದವು. ಬುಡದಿಂದ ತುದಿಯವರೆಗೆ ಅಂಗ ಬೆಳೆಯಲು ಈ ಏಣು ಬೇಕೇ ಬೇಕು ಎಂಬುದು ಹೀಗೆ ಖಚಿತವಾಯಿತು.

ಸಾಂಡರ್ಸ್ ಅವರ ಎರಡನೆಯ ಶೋಧ ಇನ್ನೂ ದೊಡ್ಡದು. ಮೊಗ್ಗಿನ ಹಿಂದಂಚಿನಲ್ಲಿ, ಅಂದರೆ ನಮ್ಮ ಕೈಯಲ್ಲಿ ಕಿರುಬೆರಳು ಬರುವ ಕಡೆ, ಕೆಲವು ಕೋಶಗಳು ಸಹಜವಾಗಿಯೇ ಸಾಯುತ್ತವೆ. ಆ ಸಾವನ್ನು ಅಭ್ಯಾಸ ಮಾಡುತ್ತಾ ಅವರು ಹಿಂದಂಚಿನ ಚೂರೊಂದನ್ನು ಮುಂದಂಚಿಗೆ ಕಸಿ ಮಾಡಿದರು. ಮೇರಿ ಗ್ಯಾಸೆಲಿಂಗ್ ಜೊತೆ 1968ರಲ್ಲಿ ಅವರು ವರದಿ ಮಾಡಿದ ಫಲಿತಾಂಶವನ್ನು ಯಾರೂ ಊಹಿಸಿರಲಿಲ್ಲ. ಕೋಳಿಯ ರೆಕ್ಕೆಗೆ ಮೂರೇ ಬೆರಳು. ಆಗಿನ ಎಣಿಕೆಯಂತೆ 2, 3, 4. ಕಸಿಯಾದ ರೆಕ್ಕೆಯಲ್ಲಿ 4, 3, 2, 2, 3, 4 ಎಂದು ಕನ್ನಡಿಯ ಬಿಂಬದ ಹಾಗೆ ಜೋಡಿ ಬೆರಳುಗಳು ಬರಬಲ್ಲವು. ಹೆಚ್ಚುವರಿ ಬೆರಳು ಮೂಡಿದ್ದು ಕಸಿಯ ಚೂರಿನಿಂದಲ್ಲ, ಆತಿಥೇಯ ಮೊಗ್ಗಿನದೇ ಕೋಶಗಳಿಂದ. ಅಂದರೆ ಆ ಚೂರು ನೆರೆಯ ಕೋಶಗಳಿಗೆ ಯಾವುದೋ ಸಂದೇಶ ಕಳಿಸುತ್ತಿತ್ತು. ಈ ಜಾಗಕ್ಕೆ ಧ್ರುವೀಕರಣ ವಲಯ ಎಂಬ ಹೆಸರು ಬಂತು.

ದಕ್ಷಿಣ ಆಫ್ರಿಕದಲ್ಲಿ ಹುಟ್ಟಿ, ಸಿವಿಲ್ ಎಂಜಿನಿಯರಿಂಗ್ ಓದಿ ಜೀವವಿಜ್ಞಾನಕ್ಕೆ ಬಂದ ಲೂಯಿಸ್ ವೋಲ್ಪರ್ಟ್ 1969ರಲ್ಲಿ ಸ್ಥಾನ ಮಾಹಿತಿಯ ಸಿದ್ಧಾಂತವನ್ನು ಮಂಡಿಸಿದರು. ಒಂದು ಮೂಲದಿಂದ ಹರಡುವ ರಾಸಾಯನಿಕ ಹತ್ತಿರದಲ್ಲಿ ದಟ್ಟ, ದೂರದಲ್ಲಿ ವಿರಳ. ಕೋಶ ಆ ಸಾಂದ್ರತೆಯನ್ನು ಗ್ರಹಿಸಿ ತಾನು ಎಲ್ಲಿದ್ದೇನೆಂದು ಅರಿಯುತ್ತದೆ ಎಂಬುದು ಅದರ ಸಾರ. ಚೆರಿಲ್ ಟಿಕಲ್ ಮತ್ತು ಡೆನ್ನಿಸ್ ಸಮ್ಮರ್‌ಬೆಲ್ ಅವರೊಂದಿಗೆ 1975ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ವೋಲ್ಪರ್ಟ್ ಈ ವಿಚಾರವನ್ನು ರೆಕ್ಕೆಗೆ ಅನ್ವಯಿಸಿದರು. ಕಸಿ ಎಲ್ಲಿ ಕೂರುತ್ತದೆ ಎಂಬುದರ ಮೇಲೆ ಯಾವ ಬೆರಳು ಬರುತ್ತದೆ ಎಂಬುದು ನಿಂತಿತ್ತು.

ಹಾಗಾದರೆ ಆ ರಾಸಾಯನಿಕ ಯಾವುದು? ಚರಿತ್ರೆ ಇಲ್ಲಿ ಒಂದು ಸುತ್ತುದಾರಿ ಹಿಡಿಯಿತು, ಭಾರತೀಯ ವಿಜ್ಞಾನಿಗಳು ಕಾಣಿಸಿಕೊಳ್ಳುವುದು ಈ ಸುತ್ತುದಾರಿಯಲ್ಲೇ. ಜೈಪುರದಲ್ಲಿ ಐ. ಎ. ನಿಯಾಜಿ ಮತ್ತು ಎಸ್. ಸಕ್ಸೇನಾ ನೆಲಗಪ್ಪೆಯ ಗೊದಮೊಟ್ಟೆಗಳ ಹಿಂಗಾಲು ಕತ್ತರಿಸಿ ಅವನ್ನು ವಿಟಮಿನ್ ಎ ಬೆರೆಸಿದ ನೀರಿನಲ್ಲಿಟ್ಟರು. ಮರಳಿ ಬೆಳೆದ ಕಾಲುಗಳ ವಿನ್ಯಾಸ ಅಸಹಜವಾಗಿತ್ತೆಂದು ಅವರು 1978ರಲ್ಲಿ ವರದಿ ಮಾಡಿದರು. ಟಿಕಲ್ ಮತ್ತು ಸಂಗಡಿಗರು 1982ರಲ್ಲಿ ವಿಟಮಿನ್ ಎ ವರ್ಗದ ರೆಟಿನಾಯಿಕ್ ಆಮ್ಲವನ್ನು ಕೋಳಿಯ ರೆಕ್ಕೆಮೊಗ್ಗಿನ ಮುಂದಂಚಿನಲ್ಲಿಟ್ಟಾಗ ಧ್ರುವೀಕರಣ ವಲಯದ ಕಸಿಯಂತೆಯೇ ಜೋಡಿ ಬೆರಳುಗಳು ಬಂದವು. ಹುಡುಕುತ್ತಿದ್ದ ವಸ್ತು ಸಿಕ್ಕಿತೆಂದು ಅನೇಕರು ನಂಬಿದರು. ಆದರೆ 1991ರಲ್ಲಿ ಎರಡು ತಂಡಗಳು ಬೇರೆಯೇ ಚಿತ್ರ ಕೊಟ್ಟವು: ಈ ಆಮ್ಲ ಮುಂದಂಚಿನ ಕೋಶಗಳನ್ನೇ ಹೊಸ ಧ್ರುವೀಕರಣ ವಲಯವನ್ನಾಗಿ ಮಾರ್ಪಡಿಸುತ್ತಿತ್ತು, ನಿಜವಾದ ಸಂದೇಶ ಹೊರಡುತ್ತಿದ್ದುದು ಆ ನಂತರ.

ಅದರ ಮರುವರ್ಷ ಭುವನೇಶ್ವರದ ಉತ್ಕಲ ವಿಶ್ವವಿದ್ಯಾಲಯದ ಪ್ರಿಯಂವದಾ ಮೊಹಾಂತಿ ಹೆಜ್ಮಾಡಿ ಮತ್ತು ಸಹೋದ್ಯೋಗಿಗಳು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಫಲಿತಾಂಶ ಇಂದಿಗೂ ಓದುಗರನ್ನು ಬೆರಗುಗೊಳಿಸುತ್ತದೆ. ಯೂಪೆರೊಡಾನ್ ಸಿಸ್ಟೋಮಾ ಎಂಬ ಕಪ್ಪೆಯ ಗೊದಮೊಟ್ಟೆಯ ಬಾಲ ಕತ್ತರಿಸಿ ವಿಟಮಿನ್ ಎ ಕೊಟ್ಟರೆ, ಬಾಲದ ಜಾಗದಲ್ಲಿ ಕಾಲುಗಳು ಮೂಡಿದವು. ಬಾಲದ ಕೋಶಗಳಲ್ಲೂ ಕಾಲು ಕಟ್ಟುವ ಸಾಮರ್ಥ್ಯ ಅಡಗಿದೆ, ಅದನ್ನು ಎಬ್ಬಿಸುವ ಸೂಚನೆ ಬೇಕಷ್ಟೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ನನಗೆ ಕಂಡಿಲ್ಲ. ಅಂಗ ಬೆಳವಣಿಗೆಯ ಚರಿತ್ರೆ ಬರೆಯುವಾಗ ಜೈಪುರ ಮತ್ತು ಭುವನೇಶ್ವರದ ಕೆಲಸವನ್ನು ಅಡಿಟಿಪ್ಪಣಿಗೆ ತಳ್ಳುವುದು ಅನ್ಯಾಯ.

ನಿಜವಾದ ಸಂಕೇತದ ಸುಳಿವು ಬಂದಿದ್ದು ಹಣ್ಣಿನ ನೊಣದಿಂದ. ಕ್ರಿಸ್ಟಿಯಾನೆ ನ್ಯೂಸ್ಲೈನ್ ಫೊಲ್ಹಾರ್ಡ್ ಮತ್ತು ಎರಿಕ್ ವೀಶಾಸ್ 1980ರಲ್ಲಿ ವಿವರಿಸಿದ ವಿಕೃತಿಗಳಲ್ಲಿ ‘ಹೆಡ್ಜ್‌ಹಾಗ್’ ಒಂದು. ಕಶೇರುಕಗಳಲ್ಲಿ ಅದರ ಬಂಧು ಜೀನ್ ಆದ ‘ಸೋನಿಕ್ ಹೆಡ್ಜ್‌ಹಾಗ್’ 1993ರಲ್ಲಿ ಪತ್ತೆಯಾಯಿತು. ಕ್ಲಿಫರ್ಡ್ ಟಾಬಿನ್ ಅವರ ಪ್ರಯೋಗಾಲಯದಲ್ಲಿ ರಾಬರ್ಟ್ ರಿಡಲ್ ಮೊದಲಾದವರು ಈ ಜೀನ್ ಎಲ್ಲಿ ಅಭಿವ್ಯಕ್ತವಾಗುತ್ತದೆಂದು ನೋಡಿದಾಗ, ಕಸಿ ಪ್ರಯೋಗಗಳು ಗುರುತಿಸಿದ್ದ ಹಿಂದಂಚಿನ ನಕ್ಷೆಗೂ ಇದಕ್ಕೂ ತಾಳೆಯಾಯಿತು. ಈ ಜೀನ್ ಸೇರಿಸಿದ ಕೋಶಗಳನ್ನು ಮುಂದಂಚಿನಲ್ಲಿಟ್ಟರೆ ಜೋಡಿ ಬೆರಳು ಬಂದವು. ಅದೇ ವರ್ಷ ಲೀ ನಿಸ್ವಾಂಡರ್ ಮತ್ತು ಸಂಗಡಿಗರು, ಕಿತ್ತ ಏಣಿನ ಕೆಲಸವನ್ನು ಎಫ್‌ಜಿಎಫ್-4 ಪ್ರೋಟೀನ್ ನಿಭಾಯಿಸಬಲ್ಲದೆಂದು ತೋರಿಸಿದರು. ತುದಿಯ ಎಫ್‌ಜಿಎಫ್ ಮತ್ತು ಹಿಂದಂಚಿನ ಹೆಡ್ಜ್‌ಹಾಗ್ ಒಂದನ್ನೊಂದು ಉಳಿಸಿಕೊಳ್ಳುತ್ತವೆ; ಒಂದು ನಿಂತರೆ ಇನ್ನೊಂದೂ ಸೊರಗುತ್ತದೆ. ಇವೆರಡರ ಜೊತೆಗೆ ತುದಿಭಾಗದ ಮೂಳೆಗಳಿಗೆ ಹಾಕ್ಸ್ ಎಂಬ ಜೀನ್‌ಗಳೂ ಬೇಕು: ಹಾಕ್ಸ್‌ಎ13, ಹಾಕ್ಸ್‌ಡಿ13 ಎರಡೂ ಇಲ್ಲದ ಇಲಿಗಳಲ್ಲಿ ಬೆರಳುಗಳೇ ರೂಪುಗೊಳ್ಳಲಿಲ್ಲವೆಂದು 1996ರಲ್ಲಿ ತಿಳಿಯಿತು.

ಅದೇ 1996ರಲ್ಲಿ ಸೋನಿಕ್ ಹೆಡ್ಜ್‌ಹಾಗ್ ಪೂರ್ತಿ ತೆಗೆದ ಇಲಿಗಳ ವಿವರ ಬಂತು. ಅವುಗಳ ಕೈಕಾಲು ಮಾತ್ರವಲ್ಲ, ಮಿದುಳೂ ಕೆಟ್ಟಿತ್ತು, ಮುಖದಲ್ಲಿ ಒಂದೇ ಕಣ್ಣಿನ ಕುರುಹಿತ್ತು. ಇಷ್ಟೊಂದು ಕಡೆ ಬೇಕಾದ ಜೀನ್ ಅಂಗಮೊಗ್ಗಿನ ಹಿಂದಂಚಿನಲ್ಲಿ ಮಾತ್ರ ಹೇಗೆ ಚಾಲೂ ಆಗುತ್ತದೆ? ಎಡಿನ್‌ಬರದಲ್ಲಿ ಲಾರಾ ಲೆಟಿಸ್ ಮತ್ತು ರಾಬರ್ಟ್ ಹಿಲ್ ತಂಡ 2003ರಲ್ಲಿ ಉತ್ತರ ಕೊಟ್ಟಿತು. ಹೆಬ್ಬೆರಳಿನ ಕಡೆ ಹೆಚ್ಚು ಬೆರಳು ಬರುವ ಕುಟುಂಬಗಳಲ್ಲಿ, ಜೀನಿನಿಂದ ಸುಮಾರು 10 ಲಕ್ಷ ಬೇಸ್‌ಗಳಷ್ಟು (ಡಿಎನ್‌ಎ ಅಕ್ಷರಗಳಷ್ಟು) ದೂರದ, ಇನ್ನೊಂದು ಜೀನಿನ ಒಳಗೆ ಹುದುಗಿದ ನಿಯಂತ್ರಕ ತುಣುಕಿನಲ್ಲಿ ಒಂದೊಂದು ಅಕ್ಷರದ ಬದಲಾವಣೆ ಕಂಡುಬಂತು. ಆ ತುಣುಕಿಗೆ ಜೆಡ್‌ಆರ್‌ಎಸ್ ಎಂದು ಹೆಸರು. ಜಪಾನಿನ ತಂಡವೊಂದು 2005ರಲ್ಲಿ ಇಲಿಯಿಂದ ಅದನ್ನು ತೆಗೆದುಹಾಕಿತು. ಆಗ ಅಂಗಮೊಗ್ಗಿನಲ್ಲಿ ಮಾತ್ರ ಜೀನ್ ಮೌನವಾಗಿ ಕೈಕಾಲುಗಳು ಮೊಟಕಾದವು.

ಹಾವಿಗೆ ಕಾಲು ಏಕಿಲ್ಲ ಎಂಬ ಪ್ರಶ್ನೆಗೂ ಇದೇ ತುಣುಕು ದಾರಿ ತೋರಿತು. ಇಲಿಯ ಜೆಡ್‌ಆರ್‌ಎಸ್ ಜಾಗದಲ್ಲಿ ಮನುಷ್ಯನದನ್ನು ಅಥವಾ ಮೀನಿನದನ್ನು ಕೂರಿಸಿದರೂ ಇಲಿಗೆ ಸರಿಯಾದ ಕಾಲು ಬಂತು. ಹಾವಿನದನ್ನು ಕೂರಿಸಿದರೆ ಕಾಲು ಮೊಟಕಾಯಿತು. 2016ರಲ್ಲಿ ಇದನ್ನು ವರದಿ ಮಾಡಿದ ಎವ್ಗೆನಿ ಕ್ವೋನ್ ಮತ್ತು ಸಂಗಡಿಗರು, ಹಾವುಗಳ ವಂಶದಲ್ಲಿ ಕಳೆದುಹೋಗಿದ್ದ 17 ಬೇಸ್‌ಗಳನ್ನು ಹೆಬ್ಬಾವಿನ ತುಣುಕಿಗೆ ಮರಳಿ ಸೇರಿಸಿದರು. ಆ ತುಣುಕು ಹೊತ್ತ ಇಲಿಗಳಿಗೆ ಮತ್ತೆ ಕಾಲು ಬಂದವು. ಅದೇ ವರ್ಷ ಫ್ಲೋರಿಡಾದ ಫ್ರಾನ್ಸಿಸ್ಕಾ ಲೀಲ್ ಮತ್ತು ಮಾರ್ಟಿನ್ ಕೋನ್, ಹೆಬ್ಬಾವಿನ ಭ್ರೂಣದ ಹಿಂಗಾಲಿನ ಮೊಗ್ಗಿನಲ್ಲಿ ಸೋನಿಕ್ ಹೆಡ್ಜ್‌ಹಾಗ್ ಅಲ್ಪಕಾಲ ಅಭಿವ್ಯಕ್ತವಾಗಿ ನಿಂತುಹೋಗುವುದನ್ನು ದಾಖಲಿಸಿದರು.